ಹಾಲಿನ ಕ್ಯಾನಿನ ಹಿಡಿ

ಅತ್ತೆಯವರ ಹಾಲಿನ ಕ್ಯಾನಿನ ಹಿಡಿ ಕಿತ್ತುಬಂದ ದಿನ ನಾನು ತಿ. ನರಸೀಪುರದಲ್ಲೇ ಇದ್ದೆ. ಐದು ಲೀಟರಿನ ಸ್ಟೀಲ್ ಕ್ಯಾನು ಅದು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಡೈರಿಗೆ ಹೋಗಿಬಂದು ಮೈಯೆಲ್ಲ ನುಣುಪಾಗಿತ್ತು. ಹೊಸದು ತರೋಣ ಅಂದೆ. ಅತ್ತೆ ಒಪ್ಪಲಿಲ್ಲ. "ಮೈ ಗಟ್ಟಿಯಾಗದೆ, ಹಿಡಿ ಒಂದು ಹೋಗದೆ. ಅದಕ್ಕೇ ಎಸೆದ್ಬುಡದಾ?" ಎಂದರು. ಸರಿ ಎಂದು ಕಿಟಕಿ, ಗ್ರಿಲ್ಲು, ನೇಗಿಲಿನ ಕೆಲಸ ಮಾಡುವ ಅಂಗಡಿಗೆ ಒಯ್ದೆ. ಆತ ಕ್ಯಾನನ್ನು ಬೆರಳಿನಿಂದ ತಟ್ಟಿ ನೋಡಿದ, ಕರೆಂಟು ತಗ್ಗಿಸಿದ, ಇದ್ದುದರಲ್ಲೇ ಸಣ್ಣ ರಾಡು ಸಿಕ್ಕಿಸಿ ಮುಟ್ಟಿಸಿದ. ಚರ್ ಎಂದಿತು. ಹೊಗೆ ಆರಿದ ಮೇಲೆ ನೋಡಿದರೆ ಹಿಡಿ ಕೂರಬೇಕಾದ ಜಾಗದಲ್ಲಿ ಕಡಲೆಕಾಳು ಗಾತ್ರದ ತೂತು.

"ತೆಳ್ಳಗಿರೋ ಎಸ್ಸೆಸ್ಸು ಆರ್ಕಿಗೆ ತಡೆಯಕಿಲ್ಲ ಸಾ. ಇದಕ್ಕೆ ಆರ್ಗಾನೇ ಆಗ್ಬೇಕು" ಎಂದು ಹೇಳಿ ಆತ ದುಡ್ಡು ಮುಟ್ಟಲಿಲ್ಲ. ಕ್ಯಾನು ನನ್ನ ಜೊತೆ ನಂಜನಗೂಡಿಗೆ ಬಂತು.

ನಮ್ಮ ಕಡೆ ಟಿಗ್ ವೆಲ್ಡಿಂಗ್ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಆರ್ಗಾನ್ ವೆಲ್ಡಿಂಗ್ ಅಂದರೆ ಎಲ್ಲರಿಗೂ ಗೊತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಪುಡಿ ಮಾಡುವ ನೆಸ್ಲೆ ಇದೆ, ಔಷಧಿಯ ಕಾರ್ಖಾನೆಗಳಿವೆ. ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಯಿದೆ. ಬಾಯಿಗೆ ಹೋಗುವ ಪದಾರ್ಥ ಎಲ್ಲಿ ಹರಿಯುತ್ತದೋ ಅಲ್ಲೆಲ್ಲ ಸ್ಟೀಲಿನ ಪೈಪು, ಪೈಪು ಸೇರುವ ಕಡೆಯಲ್ಲೆಲ್ಲ ಆರ್ಗಾನಿನ ಹೊಲಿಗೆ. ಹೊಲಿಗೆಯ ಒಳಮೈ ತರಿತರಿಯಾಗಿದ್ದರೆ ಅಲ್ಲಿ ಜಿಡ್ಡು ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ಹಾಗಾಗಿ ಈ ಕೆಲಸ ಬಲ್ಲ ಕೈಗಳು ನಮ್ಮ ಊರಲ್ಲಿ ಇವೆ. ಅಂಥವರಲ್ಲೊಬ್ಬರು ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾರೆ. ಗುತ್ತಿಗೆಯಲ್ಲಿ ಇಪ್ಪತ್ತು ವರ್ಷ ಪೈಪ್‌ಲೈನ್ ಕೆಲಸ ಮಾಡಿ ಈಗ ಮನೆ ಮುಂದೆಯೇ ಒಂದು ಶೆಡ್ ಹಾಕಿಕೊಂಡಿದ್ದಾರೆ. ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಮೇಸ್ತ್ರಿ ನನಗೊಂದು ಶೀಲ್ಡ್ ಕೊಟ್ಟು ಪಕ್ಕದಲ್ಲಿ ಕೂರಿಸಿದರು. ಶಬ್ದವೇ ಇಲ್ಲ. ಕಿಡಿ ಹಾರುವುದಿಲ್ಲ, ಹೊಗೆ ಏಳುವುದಿಲ್ಲ. ಅಕ್ಕಿಕಾಳಿನಷ್ಟು ಉದ್ದದ ಒಂದು ಬೆಳಕು ನಿಂತಿತ್ತು. ಅದರ ಕೆಳಗೆ ಸ್ಟೀಲು ಬೆವರಿದಂತಾಗಿ, ಹೊಳೆದು, ಪುಟ್ಟ ಕೊಳವಾಯಿತು. ತೂತಿನ ಅಂಚು ಆ ಕೊಳದೊಳಕ್ಕೆ ಇಳಿಯಿತು. ಎಡಗೈಯ ತಂತಿಯನ್ನು ಅವರು ಒಂದು ಹನಿ ಮುಟ್ಟಿಸಿ ಹಿಂದಕ್ಕೆಳೆದರು, ಮತ್ತೆ ಮುಟ್ಟಿಸಿ ಎಳೆದರು. ಒಂದರ ಮೇಲೊಂದು ಕಾಸು ಜೋಡಿಸಿಟ್ಟಂತೆ ಗೆರೆ ಬಂತು, ಅಂಚಿನಲ್ಲಿ ಹೊಂಬಣ್ಣ. ಹತ್ತು ನಿಮಿಷದಲ್ಲಿ ತೂತು ಮುಚ್ಚಿ ಹಿಡಿಯೂ ಕೂತಿತು. ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವನು. ಲೋಹ ಕರಗುವುದನ್ನು ಅಷ್ಟು ಹತ್ತಿರದಿಂದ, ಅಷ್ಟು ನಿಧಾನವಾಗಿ ಎಂದೂ ಕಂಡಿರಲಿಲ್ಲ. ಇದನ್ನು ಕಲಿಯಲೇಬೇಕು ಅನ್ನಿಸಿಬಿಟ್ಟಿತು.

ಆರ್ಕ್ ವೆಲ್ಡಿಂಗಿನಲ್ಲಿ ರಾಡೇ ಉರಿಯುತ್ತದೆ, ರಾಡೇ ಕರಗುತ್ತದೆ. ಶಾಖ ಬೇಕೆಂದರೆ ಲೋಹವೂ ಜೊತೆಗೇ ಬೀಳುತ್ತದೆ, ಎರಡನ್ನೂ ಬಿಡಿಸಲಾಗದು. ಆರ್ಗಾನಿನಲ್ಲಿ ಶಾಖ ಒಂದು ಕೈಯಲ್ಲಿ, ಲೋಹ ಇನ್ನೊಂದು ಕೈಯಲ್ಲಿ. ಬಲಗೈಯ ಟಾರ್ಚಿನ ತುದಿಯಲ್ಲಿರುವುದು ಟಂಗ್‌ಸ್ಟನ್ ಸೂಜಿ. ಅದು ಕರಗಲು 3422 ಡಿಗ್ರಿ ಸೆಲ್ಸಿಯಸ್ ಬೇಕು. ಸ್ಟೀಲು 1400ರ ಆಸುಪಾಸಿನಲ್ಲೇ ನೀರಾಗುತ್ತದೆ. ಸೂಜಿಯ ಸುತ್ತ ಪಿಂಗಾಣಿಯ ಚಿಕ್ಕ ನಾಜಲ್, ಅದರೊಳಗಿಂದ ಮೆಲ್ಲನೆ ಸುರಿಯುವ ಆರ್ಗಾನ್. ಕರಗಿದ ಲೋಹಕ್ಕೆ ಗಾಳಿ ತಾಕದಂತೆ ಅದು ಕೊಡೆ ಹಿಡಿಯುತ್ತದೆ. 1941ರ ಸುಮಾರಿಗೆ ಅಮೆರಿಕದ ನಾರ್ತ್‌ರಾಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರಿಡಿತ್ ಮೆಗ್ನೀಸಿಯಂ ಬೆಸೆಯಲು ಹೊರಟು ಈ ವಿಧಾನವನ್ನು ಬಳಕೆಗೆ ತಂದರು. ಆಗ ಅವರು ಹರಿಸಿದ್ದು ಹೀಲಿಯಂ. ವಿಮಾನಕ್ಕೆಂದು ಹುಟ್ಟಿದ್ದು ಈಗ ನಮ್ಮ ಹಾಲಿನ ಕ್ಯಾನಿಗೆ ಬಂದಿದೆ. ನನಗಂತೂ ಇದು ದೊಡ್ಡ ಸಂಗತಿ.

ಯಾವ ಯಂತ್ರ ತಗೊಳ್ಳಲಿ ಎಂದು ಕೇಳಿದ್ದಕ್ಕೆ ಮೇಸ್ತ್ರಿ ಮರುಪ್ರಶ್ನೆ ಹಾಕಿದರು. "ಏನ್ ಮಾಡ್ತೀರಿ ಸಾ, ಅದ ಮೊದ್ಲು ಹೇಳಿ." ನನ್ನ ಹತ್ತಿರ ಉತ್ತರವಿರಲಿಲ್ಲ. "ಹಂಗಾರೆ ಒಂದು ವಾರ ಮನೇಲಿ ಮುರಿದಿರೋದ್ನೆಲ್ಲ ಒಂದ್ ಕಡೆ ಮಡಗಿ, ಆಮೇಲೆ ಬನ್ನಿ" ಎಂದರು. ಮಡಗಿದೆ. ಸ್ಟೀಲಿನ ಕೊಳಗ, ಸೈಕಲ್ಲಿನ ಕ್ಯಾರಿಯರ್, ಕುರ್ಚಿಯ ಕಾಲು, ಗೇಟಿನ ತಿರುಗಣೆ, ಹೂಕುಂಡದ ಸ್ಟ್ಯಾಂಡು, ಹಿಂಡಾಲಿಯಂ ದಬರಿ, ಅತ್ತೆಯವರ ಇನ್ನೊಂದು ಕ್ಯಾನು. ಕ್ಯಾಲಿಪರ್ ಹಿಡಿದು ಅಳೆದರೆ ಯಾವುದೂ 3 ಮಿಲಿಮೀಟರಿಗಿಂತ ದಪ್ಪವಿಲ್ಲ. ಮುಕ್ಕಾಲುಪಾಲು 1ರಿಂದ 2 ಮಿಲಿಮೀಟರಿನ ಒಳಗೇ. ಕಬ್ಬಿಣಕ್ಕೆ ಮಿಲಿಮೀಟರಿಗೆ ಮೂವತ್ತೈದು ನಲವತ್ತು ಆಂಪಿಯರ್ ಎಂಬುದು ಕೆಲಸಗಾರರ ಅಂದಾಜು. 3 ಮಿಲಿಮೀಟರಿಗೆ ನೂರು, ನೂರಿಪ್ಪತ್ತು ಸಾಕು. ಆ ರಾಶಿ ನೋಡಿದ ಮೇಲೆ ನನ್ನ ತಲೆಯಲ್ಲಿದ್ದ 315 ಆಂಪಿಯರಿನ ಯಂತ್ರ ತಾನಾಗಿ ಇಳಿದುಹೋಯಿತು.

ಮನೆಯ ಕರೆಂಟು ತಡೆಯುತ್ತದೆಯೇ ಎಂಬುದು ಎರಡನೆಯ ಚಿಂತೆ. ಮನೆಯವರದೂ ಅದೇ. "ರೀ, ಬಲ್ಬೆಲ್ಲ ಮಂಕಾಗಿ ಫ್ರಿಜ್ ಸುಟ್ಟರೆ ಯಾರು ಹೊಣೆ?" ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಟ್ಟೆ. ನೂರು ಆಂಪಿಯರಿನಲ್ಲಿ ಆರ್ಕ್ ವೆಲ್ಡಿಂಗಿಗೆ 24 ವೋಲ್ಟ್ ಬೇಕೆಂದು ಲೆಕ್ಕ ಹಿಡಿಯುತ್ತಾರೆ. ಟಿಗ್‌ಗೆ 14 ಸಾಕು. ಅಂದರೆ 2400 ವಾಟ್ ಒಂದು ಕಡೆ, 1400 ವಾಟ್ ಇನ್ನೊಂದು ಕಡೆ. ಇನ್ವರ್ಟರ್ ಯಂತ್ರದೊಳಗೆ ಪೋಲಾಗುವುದನ್ನು ಸೇರಿಸಿದರೂ ಸ್ನಾನದ ಮನೆಯ ಗೀಸರ್ ತಿನ್ನುವಷ್ಟೇ. 230 ವೋಲ್ಟಿನ ಸಿಂಗಲ್ ಫೇಸ್‌ನಲ್ಲಿ ಹತ್ತು ಹನ್ನೊಂದು ಆಂಪಿಯರ್ ಎಳೆಯಬಹುದು, ಹದಿನಾರು ಆಂಪಿಯರಿನ ಸಾಕೆಟ್ ತಡೆಯುತ್ತದೆ. ಆದರೂ ಮೀಟರ್ ಬೋರ್ಡಿನಿಂದಲೇ ಬೇರೆ ತಂತಿ ಎಳೆಸಿದೆ, 4 ಚದರ ಮಿಲಿಮೀಟರಿನ ತಾಮ್ರದ್ದು. ಅದಕ್ಕೇ ಒಂದು ಎಂಸಿಬಿ. ಅರ್ಥ್ ಗುಂಡಿಗೆ ಹೊಸದಾಗಿ ಉಪ್ಪು, ಇದ್ದಿಲು ಹಾಕಿಸಿದೆ. ಹಳ್ಳಿ ಕಡೆ ಸಂಜೆ ಹೊತ್ತು ವೋಲ್ಟೇಜು ಬೀಳುತ್ತದೆ. ಅಲ್ಲಿರುವವರು ಮೂರು ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ ಮೀಟರ್ ಹಿಡಿದು ನೋಡಿ ಬರೆದಿಟ್ಟುಕೊಂಡರೆ, ಎಷ್ಟು ವೋಲ್ಟಿನವರೆಗೆ ಯಂತ್ರ ಓಡುತ್ತದೆ ಎಂದು ಅಂಗಡಿಯಲ್ಲಿ ಕೇಳಲು ಅನುಕೂಲ. ಮನೆಗೆ ಮಂಜೂರಾದ ಲೋಡು ಕಡಿಮೆಯಿದ್ದರೆ ಸೆಸ್ಕ್ ಕಚೇರಿಗೆ ಅರ್ಜಿ ಕೊಟ್ಟು ಏರಿಸಿಕೊಳ್ಳಿ. ಮನೆಗೆಲಸಕ್ಕೆ ಇದು ಸಾಕು. ಕೂಲಿಗೆ ಕೆಲಸ ಹಿಡಿದರೆ ಕರೆಂಟಿನ ವರ್ಗವೇ ಬೇರೆ.

ಅಂಗಡಿಯ ಮುಂದೆ ನಿಂತಾಗ ನನಗೆ ಗೊತ್ತಾದ ದೊಡ್ಡ ಸಂಗತಿ ಇದು. ಡಬ್ಬಿಯ ಮೇಲೆ ಟಿಗ್ ಎಂದು ಬರೆದ ಮಾತ್ರಕ್ಕೆ ಅದು ಪೂರ್ತಿ ಟಿಗ್ ಯಂತ್ರವಾಗುವುದಿಲ್ಲ. ತೀರ ಅಗ್ಗದ ಹಲವು ಯಂತ್ರಗಳು ನಿಜಕ್ಕೂ ಆರ್ಕ್ ಸೆಟ್ಟುಗಳು. ಅವಕ್ಕೆ ಟಾರ್ಚು ಸಿಕ್ಕಿಸಬಹುದು, ಅಷ್ಟೆ. ಗ್ಯಾಸನ್ನು ತೆರೆದು ಮುಚ್ಚುವ ವಾಲ್ವು ಯಂತ್ರದೊಳಗೆ ಇರುವುದಿಲ್ಲ, ಟಾರ್ಚಿನ ಮೇಲಿನ ತಿರುಪನ್ನು ಕೈಯಲ್ಲೇ ತಿರುಗಿಸಬೇಕು. ಬೆಳಕು ಹೊತ್ತಿಸಲು ಸೂಜಿಯನ್ನು ಲೋಹಕ್ಕೆ ಮುಟ್ಟಿಸಿ ಎತ್ತಬೇಕು. ಹೊಸಬನ ಕೈಯಲ್ಲಿ ಸೂಜಿ ಅಂಟಿಕೊಳ್ಳುತ್ತದೆ, ತುದಿ ಹಾಳಾಗುತ್ತದೆ, ಪ್ರತಿ ಸಲವೂ ಎದ್ದು ಮಸೆಯಬೇಕು. ಕಲಿಯುವ ಉತ್ಸಾಹ ಮಸೆಯುವುದರಲ್ಲೇ ಕಳೆದುಹೋಗುತ್ತದೆ. ಎಚ್‌ಎಫ್ ಸ್ಟಾರ್ಟ್ ಇರುವ ಯಂತ್ರದಲ್ಲಿ ಗುಂಡಿ ಒತ್ತಿದರೆ ಮುಟ್ಟಿಸದೆಯೇ ಹೊತ್ತಿಕೊಳ್ಳುತ್ತದೆ. ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಆರ್ಗಾನ್ ಹರಿಯುವ ಪೋಸ್ಟ್ ಫ್ಲೋ ಬೇಕೇ ಬೇಕು. ಹತ್ತು ಆಂಪಿಯರಿಗೆ ಒಂದು ಸೆಕೆಂಡು ಎಂಬ ಲೆಕ್ಕವಿದೆ. ಅಷ್ಟು ಕಾಯದೆ ಟಾರ್ಚ್ ಎತ್ತಿದರೆ ಕಾದ ಸೂಜಿ ನೀಲಿಗಪ್ಪಾಗುತ್ತದೆ. ಕೊನೆಯಲ್ಲಿ ಕರೆಂಟು ಮೆಲ್ಲಗೆ ಇಳಿಯುವ ಡೌನ್ ಸ್ಲೋಪ್ ಇದ್ದರೆ ಗೆರೆಯ ತುದಿಯಲ್ಲಿ ಗುಳಿ ಬೀಳುವುದಿಲ್ಲ. ಎಚ್‌ಎಫ್, ವಾಲ್ವು, ಪೋಸ್ಟ್ ಫ್ಲೋ ಇಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಪಲ್ಸ್, ಬಣ್ಣದ ಪರದೆ, ಮೊಬೈಲಿನ ಜೋಡಣೆ ಇವೆಲ್ಲ ಇಲ್ಲದಿದ್ದರೂ ನಡೆಯುತ್ತದೆ.

ಯಂತ್ರದ ಬೆನ್ನಿಗೆ ಒಂದು ತಗಡಿನ ಪಟ್ಟಿ ಇರುತ್ತದೆ. ಮುಖದ ಮೇಲಿನ ದಪ್ಪ ಅಕ್ಷರದ 200 ನೋಡಬೇಡಿ, ಆ ಪಟ್ಟಿ ಓದಿ. 60% ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಅಷ್ಟು ಆಂಪಿಯರಿನಲ್ಲಿ ದುಡಿಯುತ್ತದೆ, ನಾಲ್ಕು ನಿಮಿಷ ತಣ್ಣಗಾಗಬೇಕು ಎಂದರ್ಥ. ಮನೆಗೆಲಸದಲ್ಲಿ ಒಂದೇ ಸಮನೆ ಆರು ನಿಮಿಷ ಬೆಸೆಯುವ ಸಂದರ್ಭವೇ ಬರುವುದಿಲ್ಲ. ಆದ್ದರಿಂದ 160 ಅಥವಾ 200 ಆಂಪಿಯರಿನ ಡಿಸಿ ಯಂತ್ರ ನಮಗೆ ಧಾರಾಳ.

ಡಿಸಿ ಎಂದೆ. ಎಸಿ ಯಾಕೆ ಬೇಡ? ಅಡಿಗೆಮನೆಯ ಹಿಂಡಾಲಿಯಂ ದಬರಿ ಕೈಗೆತ್ತಿಕೊಂಡಾಗ ನನಗೂ ಈ ಆಸೆ ಬಂತು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅದರ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಇರುತ್ತದೆ, ಅದು ಕರಗಲು ಎರಡು ಸಾವಿರ ಡಿಗ್ರಿ ದಾಟಬೇಕು. ಒಳಗೆ ನೀರು, ಹೊರಗೆ ಚರ್ಮ. ಎಸಿ ಕರೆಂಟು ದಿಕ್ಕು ಬದಲಿಸುವಾಗ ಅರ್ಧ ಹೊತ್ತು ಆ ಪೊರೆಯನ್ನು ಕೀಳುತ್ತದೆ, ಉಳಿದರ್ಧ ಹೊತ್ತು ಲೋಹವನ್ನು ಕರಗಿಸುತ್ತದೆ. ಕೇಳಲು ಬಲು ಸೊಗಸು. ಆದರೆ ಎಸಿ ಡಿಸಿ ಎರಡೂ ಇರುವ ಯಂತ್ರಕ್ಕೆ ಬರಿಯ ಡಿಸಿ ಯಂತ್ರದ ಎರಡು ಮೂರು ಪಟ್ಟು ಬೆಲೆ. ನನ್ನ ರಾಶಿಯಲ್ಲಿ ಅಲ್ಯೂಮಿನಿಯಮ್ಮಿನದು ಆ ದಬರಿ ಒಂದೇ. ಅದನ್ನು ಮೇಸ್ತ್ರಿಯ ಹತ್ತಿರವೇ ಮಾಡಿಸಿದೆ. ಅಲ್ಯೂಮಿನಿಯಂ ಕೆಲಸವೇ ಮುಖ್ಯವಾದವರು ಡಿಸಿ ಕೊಂಡು ಆಮೇಲೆ ಕೊರಗುವುದಕ್ಕಿಂತ ಒಂದು ವರ್ಷ ಕಾದು ಎಸಿ ಡಿಸಿಯನ್ನೇ ಕೊಳ್ಳುವುದು ವಾಸಿ.

ಕಂಪನಿಗಳ ವಿಷಯದಲ್ಲಿ ಎಲ್ಲರೂ ಹೆಸರು ಕೇಳುತ್ತಾರೆ. ಅಡಾರ್, ಈಸಾಬ್ ಹಳೆಯವು, ಕಾರ್ಖಾನೆಗಳಲ್ಲಿ ಬಳಸುವಂಥವು. ರಿಲಾನ್, ಐಬೆಲ್ ಮುಂತಾದವು ಕಡಿಮೆ ಬೆಲೆಗೆ ಸಿಗುತ್ತವೆ. ನಾನು ಹೆಸರಿಗಿಂತ ರಿಪೇರಿಯನ್ನು ನೋಡಿದೆ. ಇನ್ವರ್ಟರ್ ಯಂತ್ರದ ಬೋರ್ಡು ಎಂದಾದರೊಂದು ದಿನ ಹೋಗುತ್ತದೆ. ಆ ದಿನ ಅದನ್ನು ಮೈಸೂರಿಗೆ ಬಸ್ಸಿನಲ್ಲಿ ಒಯ್ದು ಯಾರ ಕೈಗೆ ಕೊಡಬೇಕು ಎಂಬುದು ಕೊಳ್ಳುವಾಗಲೇ ಗೊತ್ತಿರಬೇಕು. ಟಾರ್ಚು 17 ಅಥವಾ 26 ನಂಬರಿನದಾದರೆ ನಾಜಲ್ಲು, ಕಾಲೆಟ್ಟು ಎಲ್ಲ ಕಡೆ ಸಿಗುತ್ತವೆ. ನಾನು ಕೊಂಡಾಗ ಯಂತ್ರಕ್ಕೆ ಇಪ್ಪತ್ತೆರಡು ಸಾವಿರವಾಯಿತು. ಚಿಕ್ಕ ಸಿಲಿಂಡರು, ರೆಗ್ಯುಲೇಟರು, ತಾನೇ ಕಪ್ಪಾಗುವ ಹೆಲ್ಮೆಟ್ಟು, ವೈರಿಂಗು, ಕೈಗವಸು ಎಲ್ಲ ಸೇರಿ ಇನ್ನೊಂದು ಹದಿನಾರು ಸಾವಿರ. ಕೈಯಲ್ಲಿರುವ ದುಡ್ಡನ್ನೆಲ್ಲ ಯಂತ್ರಕ್ಕೇ ಸುರಿದವರ ಮನೆಯಲ್ಲಿ ಅದು ಗ್ಯಾಸಿಲ್ಲದೆ ಮೂಲೆ ಹಿಡಿದಿರುವುದನ್ನು ಕಂಡಿದ್ದೇನೆ.

ಗ್ಯಾಸಿನ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಮನೆಯಲ್ಲಿ ಕಲಿಯುವವರು ಸೋಲುವುದು ಇಲ್ಲೇ. ಆರ್ಗಾನ್ ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ ಒಂದು ಪಾಲಿನಷ್ಟಿದೆ. ರ‍್ಯಾಲೆ ಮತ್ತು ರಾಮ್ಸೆ 1894ರಲ್ಲಿ ಅದನ್ನು ಗುರುತಿಸುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಯಾವುದರ ಜೊತೆಗೂ ಕೂಡದ ಸ್ವಭಾವ ನೋಡಿ ಗ್ರೀಕಿನಲ್ಲಿ ಸೋಮಾರಿ ಎಂಬರ್ಥದ ಹೆಸರಿಟ್ಟರು. ತರಗತಿಯಲ್ಲಿ ಇದನ್ನು ಎಷ್ಟು ವರ್ಷ ಹೇಳಿದ್ದೆನೋ. ಅದೇ ಅನಿಲವನ್ನು ನೀಲಿ ಸಿಲಿಂಡರಿನಲ್ಲಿ ಆಟೋದಲ್ಲಿ ತರುವ ದಿನ ಬಂದಾಗ ಹಳೆಯ ಗೆಳೆಯ ಮನೆಗೆ ಬಂದಷ್ಟು ಖುಷಿಯಾಯಿತು. ಕಾರ್ಖಾನೆಗಳಲ್ಲಿ ಕಾಣುವ ದೊಡ್ಡ ಸಿಲಿಂಡರಿನಲ್ಲಿ 7 ಘನ ಮೀಟರ್ ಇರುತ್ತದೆ. ನಮ್ಮಂಥವರಿಗೆ ಸೊಂಟದೆತ್ತರದ, ಒಂದೂವರೆ ಘನ ಮೀಟರಿನದು ಸಾಕು. ಅಂದರೆ 1500 ಲೀಟರ್. ನಿಮಿಷಕ್ಕೆ ಎಂಟು ಲೀಟರಿನಂತೆ ಹರಿಸಿದರೆ ಮೂರು ಗಂಟೆ ಬರುತ್ತದೆ. ಮೂರು ಗಂಟೆ ಉರಿಯುವ ಬೆಳಕೆಂದರೆ ಹೊಸಬನಿಗೆ ಎರಡು ತಿಂಗಳ ಭಾನುವಾರಗಳು. ದೊಡ್ಡದನ್ನು ಬಾಡಿಗೆಗೆ ಕೊಡುತ್ತಾರೆ. ಆದರೆ ನೀವು ಬೆಸೆಯಲಿ ಬಿಡಲಿ ಬಾಡಿಗೆ ಓಡುತ್ತಲೇ ಇರುತ್ತದೆ. ಚಿಕ್ಕದನ್ನು ಸ್ವಂತಕ್ಕೆ ಕೊಂಡರೆ ತುಂಬಿಸುವಾಗ ಲೀಟರ್ ಲೆಕ್ಕದಲ್ಲಿ ಸ್ವಲ್ಪ ದುಬಾರಿಯಾಗುತ್ತದೆ, ಆದರೂ ಅದೇ ಮೇಲು. ಹಳೆಯದು ಕೊಳ್ಳುವುದಾದರೆ ಭುಜದ ಮೇಲೆ ಕೊರೆದ ಪರೀಕ್ಷೆಯ ದಿನಾಂಕ ನೋಡಿ. ಐದು ವರ್ಷಕ್ಕೊಮ್ಮೆ ನೀರಿನೊತ್ತಡದ ಪರೀಕ್ಷೆ ಆಗಲೇಬೇಕು, ಅವಧಿ ಮೀರಿದ್ದನ್ನು ತುಂಬಿಸುವಂತಿಲ್ಲ.

ಒಂದು ಸಲ ನನಗೆ ಒಂದು ಏಜೆನ್ಸಿಯಲ್ಲಿ ಆರ್ಗಾನಿನ ಬದಲು ಮಿಕ್ಸ್ ಗ್ಯಾಸ್ ತುಂಬಿ ಕೊಟ್ಟುಬಿಟ್ಟರು. ಆರ್ಗಾನಿಗೆ ಕಾರ್ಬನ್ ಡೈ ಆಕ್ಸೈಡ್ ಬೆರೆಸಿದ್ದು, ಮಿಗ್ ವೆಲ್ಡಿಂಗಿಗೆ ಬೇಕಾದ್ದು. ಬೆಳಕು ಹೊತ್ತಿದ ತಕ್ಷಣ ಸೂಜಿಯ ತುದಿ ಹಸಿರುಹಳದಿಯಾಗಿ ಉದುರಿತು, ಕೊಳವೆಲ್ಲ ಮಸಿ. ಒಂದು ಇಡೀ ಬೆಳಿಗ್ಗೆ ಯಂತ್ರವನ್ನೇ ಅನುಮಾನಿಸಿದೆ. ಮೇಸ್ತ್ರಿ ಬಂದು ಸೂಜಿ ನೋಡಿ, "ಗ್ಯಾಸ್ ಸರಿಯಿಲ್ಲ ಸಾ, ಮಿಸಿನ್ನ ಬೈಬೇಡಿ" ಎಂದರು. ಅಂದಿನಿಂದ ಶುದ್ಧ ಆರ್ಗಾನ್ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡೇ ತರುತ್ತೇನೆ.

ಸೂಜಿಗಳಿಗೆ ಬಣ್ಣದ ಗುರುತಿದೆ. ಕೆಂಪು ತುದಿಯದರಲ್ಲಿ ಥೋರಿಯಂ ಇರುತ್ತದೆ, ಅದು ವಿಕಿರಣ ಸೂಸುವ ವಸ್ತು. ಮಸೆಯುವಾಗ ಅದರ ಧೂಳು ಉಸಿರಿಗೆ ಹೋಗಬಾರದು. ಮೊಮ್ಮಕ್ಕಳು ಓಡಾಡುವ ಮನೆಗೆ ಅದನ್ನು ತರಬೇಡಿ. ಬೂದು ಬಣ್ಣದ ಸೀರಿಯಂ, ಚಿನ್ನದ ಅಥವಾ ನೀಲಿ ಬಣ್ಣದ ಲ್ಯಾಂಥನಂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. 1.6 ಮತ್ತು 2.4 ಮಿಲಿಮೀಟರಿನವು ನಾಲ್ಕು ನಾಲ್ಕು ಇದ್ದರೆ ವರ್ಷಗಟ್ಟಲೆ ಬರುತ್ತವೆ. ಪೆನ್ಸಿಲ್ಲಿನ ಹಾಗೆ ಉದ್ದುದ್ದಕ್ಕೆ ಮಸೆಯಬೇಕು, ಅಡ್ಡ ಗೀರು ಬಿದ್ದರೆ ಬೆಳಕು ಅಲೆದಾಡುತ್ತದೆ.

ಮೊದಲ ತಿಂಗಳು ತಂತಿಯನ್ನೇ ಮುಟ್ಟಬೇಡಿ ಎಂದಿದ್ದರು ಮೇಸ್ತ್ರಿ. ಬರಿಯ ತಗಡಿನ ಮೇಲೆ ಕೊಳ ಮಾಡುವುದು, ನಡೆಸುವುದು, ನಿಲ್ಲಿಸುವುದು. ಹಾಗೇ ಮಾಡಿದೆ. ಆಮೇಲೆ ತಂತಿ. ಮನೆಯ ಸ್ಟೀಲು ಹೆಚ್ಚಾಗಿ 304, ಅದಕ್ಕೆ 308ಎಲ್ ತಂತಿ. ಗೆರೆ ಹುಲ್ಲುಬಣ್ಣ, ಹೊಂಬಣ್ಣ ಬಂದರೆ ಶಾಖ ಹದವಾಗಿದೆ. ನೀಲಿಯಾದರೆ ಹೆಚ್ಚು, ಬೂದಿಯಾದರೆ ಬೆಂದುಹೋಗಿದೆ. ಅತ್ತೆಯವರ ಎರಡನೆಯ ಕ್ಯಾನಿನಲ್ಲಿ ಹಿಡಿಯ ಕೆಳಗೆ ಸಣ್ಣ ಬಿರುಕಿತ್ತು. ಬೆಸೆದಾಗ ಹೊರಗಿನಿಂದ ಗೆರೆ ಮುತ್ತು ಪೋಣಿಸಿದ ಹಾಗೆ ಬಂತು. ಒಳಗೆ ಕೈಹಾಕಿ ಸವರಿದರೆ ತರಿತರಿ. ಬ್ಯಾಟರಿ ಟಾರ್ಚ್ ಬಿಟ್ಟು ನೋಡಿದೆ. ಪುಡಿಬೆಲ್ಲದ ಹಾಗೆ ಕಪ್ಪಗೆ ಹರಳುಗಟ್ಟಿತ್ತು. ಹೊರಗೆ ಆರ್ಗಾನ್ ಇತ್ತು, ಒಳಗೆ ಗಾಳಿ ತಾಕಿತ್ತು. ಹಾಲು ಅಲ್ಲೇ ಕೂತು ಹುಳಿಯುತ್ತದೆ. ಅಷ್ಟನ್ನೂ ಉಜ್ಜಿ ತೆಗೆದು, ಕ್ಯಾನಿನ ಬಾಯಿಗೆ ತಗಡು ಮುಚ್ಚಿ, ರೆಗ್ಯುಲೇಟರಿನಿಂದ ಇನ್ನೊಂದು ಕೊಳವೆ ಎಳೆದು ಒಳಗೂ ಆರ್ಗಾನ್ ತುಂಬಿಸಿ ಮತ್ತೆ ಬೆಸೆದೆ. ಆರ್ಗಾನ್ ಗಾಳಿಗಿಂತ ಭಾರ, ಪಾತ್ರೆಯಲ್ಲಿ ನೀರಿನಂತೆ ತಳದಿಂದ ತುಂಬುತ್ತದೆ. ಈ ಸಲ ಒಳಮೈ ಬೆಳ್ಳಗೆ, ಬೆರಳಿಗೆ ತಡೆಯದಂತೆ ಬಂತು. ಕಾರ್ಖಾನೆಯ ಪೈಪುಗಳಿಗೂ ಹೀಗೇ ಮಾಡುತ್ತಾರೆ.

ಭಾರದ ಅನಿಲವಾದ್ದರಿಂದಲೇ ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡ. ಅದು ನೆಲದ ಮೇಲೆ ಶೇಖರವಾಗಿ ಉಸಿರಿಗೆ ಗಾಳಿಯಿಲ್ಲದಂತೆ ಮಾಡುತ್ತದೆ, ವಾಸನೆಯೂ ಇರುವುದಿಲ್ಲ. ಜಿಐ ಪೈಪಿನ ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ, ಆ ಲೇಪ ಉಜ್ಜಿಯೇ ಬೆಸೆಯಿರಿ. ಸಿಲಿಂಡರಿಗೆ ಗೋಡೆಗೆ ಸರಪಳಿ ಹಾಕಿ. ಸಾಗಿಸುವಾಗ ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ತಿರುಗಿಸಿ. ತುಂಬು ತೋಳಿನ ಹತ್ತಿ ಅಂಗಿ ಹಾಕಿಕೊಳ್ಳಿ. ಬರಿಗಣ್ಣಿನಲ್ಲಿ ಒಂದು ಕ್ಷಣವೂ ನೋಡಬೇಡಿ. ನಡುರಾತ್ರಿ ಕಣ್ಣಿಗೆ ಮರಳು ಸುರಿದಂಥ ಉರಿ ಏನೆಂದು ಈ ಕೆಲಸದವರೆಲ್ಲರಿಗೂ ಗೊತ್ತು.

ಎರಡೂ ಕ್ಯಾನುಗಳು ಈಗ ನರಸೀಪುರದಲ್ಲಿವೆ, ದಿನಾ ಡೈರಿಗೆ ಹೋಗಿಬರುತ್ತಿವೆ. ಓದುಗರಲ್ಲಿ ಯಾರಿಗಾದರೂ ಈ ಕೆಲಸದ ಮೇಲೆ ಮನಸ್ಸಾಗಿದ್ದರೆ ನನ್ನದೊಂದು ವಿನಂತಿ. ಯಂತ್ರದ ಬೆಲೆ ಕೇಳುವ ಮೊದಲು ಹತ್ತಿರದ ಗ್ಯಾಸ್ ಏಜೆನ್ಸಿಗೆ ಹೋಗಿ. ಒಂದೂವರೆ ಘನ ಮೀಟರಿನ ಸಿಲಿಂಡರಿನಲ್ಲಿ ಶುದ್ಧ ಆರ್ಗಾನ್ ತುಂಬಿಕೊಡುತ್ತಾರೆಯೇ, ಎಷ್ಟು ದಿನ ಹಿಡಿಯುತ್ತದೆ ಎಂದು ವಿಚಾರಿಸಿಕೊಂಡು ಬನ್ನಿ. ಅದು ಸಿಗುವುದು ಖಾತ್ರಿಯಾದ ಮೇಲೆ ಯಂತ್ರ ಕೊಳ್ಳಿ.